ಹೆಬ್ಬೆರಳು

ಎರಡು ಟಿಕೆಟ್ ಅದಾವೆ, ಅಂತ ಹಾಕಿದ್ದ.
ಕಬಡ್ಡಿ ಫೈನಲ್, ಪೂರ್ವದ ಗ್ಯಾಲರಿ, ಒಂದಕ್ಕೆ ಮುನ್ನೂರು.
ಹೆಸರು ಎರ್ರಿಸ್ವಾಮಿ. ಮುಖದ ಜಾಗದಲ್ಲಿ
ಒಂದು ಹಳದಿ ಗುಲಾಬಿ.

ಹೋದ ವರ್ಷ ನಮ್ಮ ಓಣಿಯ ಹೊನ್ನೂರಬಿ
ಇಂಥದೇ ಗುಲಾಬಿಗೆ ಒಂಬೈನೂರು ಕಳಿಸಿದ್ದಳು.
ಗೇಟಿನಲ್ಲಿ ನೋಡಿದರೆ, ಅವಳ ಟಿಕೆಟ್ಟು
ಆಗಲೇ ಮೂರು ಸಲ ಒಳಗೆ ಹೋಗಿತ್ತು.
ಯಾರು ಗೆದ್ದರು ಅಂತ
ಗೋಡೆಯಾಚೆ ನಿಂತು, ಕೂಗಿನಲ್ಲೇ ಲೆಕ್ಕ ಹಾಕಿದಳು.

ಅದಕ್ಕೇ ಬರೆದೆ: ಟಿಕೆಟ್ ತೋರಿಸಣ್ಣಾ, ದುಡ್ಡು ಆಮೇಲೆ.
ಫೋಟೊ ಬಂತು.
ಸಾಲು ಕಂಡಿತು, ಸೀಟು ಕಂಡಿತು,
ಕೋಡಿನ ಚೌಕದ ಮೇಲೆ ಮಾತ್ರ
ಒತ್ತಿ ಹಿಡಿದ ಹೆಬ್ಬೆರಳು.

ಉಗುರಿನ ಸಂದಿಯಲ್ಲಿ ನೀಲಿ.

ತೊಳೆದರೆ ಹೋಗುವ ನೀಲಿ ಅಲ್ಲ ಅದು.
ಕೌಲ್ ಬಜಾರಿನ ಶೆಡ್ಡಿನಲ್ಲಿ ದಿನಕ್ಕೆ ಅರವತ್ತು ಪ್ಯಾಂಟಿಗೆ
ಜಿಪ್ಪು ಹಚ್ಚುವ ನನ್ನ ಬೆರಳಲ್ಲೂ ಐತೆ,
ಹಿಟ್ಟು ನಾದುವಾಗ ಅವ್ವ ಬೈಯುತ್ತಾಳೆ.

ನೀಲಿ ಇದ್ದವರೆಲ್ಲ ಸಾಚಾ ಅಂತ ಎಲ್ಲಿ ಬರೆದೈತೆ?
ನಮ್ಮ ಕೂಲಿ ಮುಳುಗಿಸಿದವನ ಕೈಯೂ ನೀಲಿಯೇ.
ಅಡ್ವಾನ್ಸ್ ಇಲ್ಲ, ಅಂದೆ.
ಮೋತಿ ಸರ್ಕಲ್, ಆರು ಗಂಟೆ, ಒಗ್ಗರಣೆ ಬಂಡಿ.

ನಾನು ತಮ್ಮನನ್ನು ಕರಕೊಂಡು ಹೋದೆ.
ಅವನು ಇಬ್ಬರನ್ನು ಕರಕೊಂಡು ಬಂದಿದ್ದ.
"ಹೆಣ್ಣಿನ ಹೆಸರಲ್ಲಿ ಯಾರೋ ಬಂದು
ಕಸಕೊಂಡು ಓಡಿದರೆ ಅಂತ, ಅಕ್ಕಾ..."
ನೆಲ ನೋಡಿದ.

ಕೊಂಡಾಗ ಅವನಿಗೆ ಬಂದ ಮೆಸೇಜು,
ಟಿಕೆಟ್ಟಿನ ನಂಬರು,
ಒಂದೊಂದೇ ಅಂಕಿ ಬಾಯಿಬಿಟ್ಟು ಓದಿಕೊಂಡೆವು,
ಒಂಬತ್ತು, ಸೊನ್ನೆ, ಮತ್ತೆ ಸೊನ್ನೆ.
ಕೊನೆಗೆ ಅವನು ಹೆಬ್ಬೆರಳು ಎತ್ತಿದ,
ನಾನು ನೋಟಿನ ಮುಷ್ಟಿ ಸಡಿಲಿಸಿದೆ.

ಯಾರು ಮೊದಲು ಅಂತ
ನನ್ನ ಸಾಕ್ಷಿಯನ್ನು ಕೇಳಬೇಡಿ,
ಅವನು ಮಿರ್ಚಿ ನೋಡುತ್ತಿದ್ದ.