ಪಗಾರದ ಸನ್ಯಾಸಿ

ಮಧ್ಯಾಹ್ನದ ಮೊದಲ ತಾಸು. ಫ್ಯಾನು ತಿರುಗುತ್ತಿಲ್ಲ.
ಬೀದರಿನ ಈ ಕಾಲೇಜಿನಲ್ಲಿ ನಾನು
ಹದಿನೆಂಟನೇ ಶತಮಾನದ ಇಂಗ್ಲೆಂಡನ್ನು
ತಾಸಿನ ಲೆಕ್ಕದಲ್ಲಿ ಕಲಿಸುತ್ತೇನೆ.

ಗಾಥಿಕ್ ಎಂದರೆ ಮೊದಲು ಬೈಗುಳ, ಬರೆದುಕೊಳ್ಳಿ:
ಒರಟು, ಕಾಡು, ಕೊಡಲಿ ಹಿಡಿದ ಕುಲ.
ಆಮೇಲೆ ಅದೇ ಮಾತು ಅವರಿಗೆ
ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ರುಮಾಲಾಯಿತು.
ನಮ್ಮ ಹಿರಿಯರು ರಾಜನಿಗೂ ಎದುರಾಡಿದವರು
ಎನ್ನುತ್ತ ತಲೆಗೆ ಸುತ್ತಿಕೊಂಡರು;
ತೋಟದ ನಡುವೆ ಸ್ವಾತಂತ್ರ್ಯಕ್ಕೆಂದು
ಚೂಪು ಕಮಾನಿನ ಗುಡಿ ಎಬ್ಬಿಸಿದರು.
ಅದೇ ವರ್ಷಗಳಲ್ಲಿ, ಇದನ್ನೂ ಬರೆದುಕೊಳ್ಳಿ,
ಒಲೆ ಉರಿಯದ ಒಂದು ಬೋಳು ದಿಬ್ಬ
ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು.

"ನಮ್ಮ ಮುತ್ಯಾ ಹೋಗಿ ಆರು ವರ್ಷ ಆಯ್ತು ಮಿಸ್,
ಯಾದ್ಯಾಗಿಂದ ಇನ್ನಾ ಹೋಗಿಲ್ಲ" ಎಂದಳು ಮಹಾನಂದಾ.
ಕ್ಲಾಸು ನಕ್ಕಿತು. ನಾನೂ.

ಹಣವಿತ್ತು. ಕಬ್ಬಿನ ದ್ವೀಪಗಳಿಂದ, ಬಂಗಾಳದಿಂದ
ಹಡಗು ತುಂಬಿ ಬಂದದ್ದು, ಇನ್ನೂ ಹಸಿ ಹಣ.
ಅದರ ಹೊಳಪಿಗೆ ತುಸು ನಾಚಿದವರು
ಪಾಳು ಕಟ್ಟಿಸಿದರು.
ಮೇಸ್ತ್ರಿಗೆ ಹೇಳಿ ಅರ್ಧಕ್ಕೇ ನಿಲ್ಲಿಸಿದ ಬುರುಜು,
ಎಂದೂ ಛಾವಣಿ ಹೊರದ ಗೋಡೆ,
ತಂದು ನೆಟ್ಟ ಬಳ್ಳಿ.
ಒಳಮನೆಯ ಕೆತ್ತನೆ, ಕಲ್ಲೆಂದು ಮುಟ್ಟಿದರೆ
ಕೆಲವು ಕಡೆ ಬರೀ ಕಾಗದ.
ಬಿರುಕಿಗೂ ಅಳತೆ ಕೊಟ್ಟಿದ್ದರು.

ಅಷ್ಟೂರಿನ ಹೆಸರನ್ನು ನಾನು ಎತ್ತಲಿಲ್ಲ.
ಸಿಡಿಲು ಯಾರನ್ನೂ ಕೇಳದೆ ಸೀಳಿದ ಗುಮ್ಮಟ,
ಒಡೆದ ತತ್ತಿಯಂತೆ ನಿಂತು,
ಸಂಜೆಯಾದರೆ ಗಿಳಿಗಳನ್ನು ಒಳಗೆ ಕರೆದುಕೊಳ್ಳುವುದು
ಇವರೆಲ್ಲ ಸಣ್ಣಂದಿನಿಂದ ಕಂಡದ್ದೇ.

ಪಾಳಿಗೆ ಒಬ್ಬ ಸನ್ಯಾಸಿಯೂ ಬೇಕಲ್ಲ.
ಒಬ್ಬ ಸಾಹುಕಾರ ಕರಾರು ಬರೆಸಿದನಂತೆ:
ಏಳು ವರ್ಷ ಗವಿಯಲ್ಲಿರಬೇಕು,
ಗಡ್ಡ ತೆಗೆಯಬಾರದು, ಉಗುರು ಕತ್ತರಿಸಬಾರದು,
ಯಾರೊಂದಿಗೂ ಮಾತಿಲ್ಲ.
ಅತಿಥಿಗಳು ಮರಗಳ ನಡುವಿನಿಂದ ಇಣುಕಿ
ಹಾಯೆನಿಸಿಕೊಂಡು ಊಟಕ್ಕೆ ಹೋಗುವರು.
ಅವನು ಮೂರೇ ವಾರಕ್ಕೆ
ಹೆಂಡದಂಗಡಿಯಲ್ಲಿ ಸಿಕ್ಕನಂತೆ.

ಹಿಂದಿನ ಬೆಂಚಿನಿಂದ ವೈಜಿನಾಥ ಎದ್ದ.
ಜೂನಿನಿಂದ ಹಾಜರಿಗಲ್ಲದೆ ಬಾಯಿ ತೆರೆದವನಲ್ಲ.
"ಅವಗ ಪಗಾರ ಎಷ್ಟಿತ್ರಿ ಮಿಸ್?"

ಏಳು ವರ್ಷ ಮುಗಿಸಿದ್ದರೆ ಏಳುನೂರು ಪೌಂಡು,
ನಡುವೆ ಬಿಟ್ಟರೆ ಒಂದು ಬಿಡಿಗಾಸೂ ಇಲ್ಲ.

ಅವನು ಬೆರಳು ಮಡಚಿ ಏನೋ ಎಣಿಸಿದ.
"ನಮ್ಮಪ್ಪ ಅಷ್ಟೂರ ಗುಮ್ಮಜಿನ್ಯಾಗ ವಾಚಮನ್ನ ಅದಾನ್ರಿ,
ದಿನಗೂಲಿ. ಮೂರು ತಿಂಗಳು ಬಂದಿಲ್ಲ.
ಮದುವಿಗಿಂತ ಮೊದಲು ಫೋಟೋ ತಕ್ಕೊಳ್ಳೋರು
ಹೈದರಾಬಾದಿಂದ ಬರ್ತಾರಲ್ಲ,
ಹುಡುಗಿ ಓಡೋದು, ಸೆರಗು ಹಾರೋದು,
ಅವ್ರು ಹೇಳ್ಯಾರ, ಕಾಕಾ ಗಡ್ಡ ತೆಗೀಬ್ಯಾಡ,
ಕಂದೀಲ ಹಿಡಿದು ಬಾಗಲದಾಗ ಕುಂದ್ರು,
ಮಾತಾಡಬ್ಯಾಡ. ಒಂದ ಸಲಕ್ಕ ಐವತ್ತ.
ಅವ್ವ ಅಂತಾಳ, ಮುಖಾನ ಮರ್ತುಹೋಗ್ಯದ ನಿಂದು."

ನಗಲು ಬಾಯಿ ತೆರೆದವರು ಮುಚ್ಚಿದರು.
ಅವನು ಇನ್ನೂ ನಿಂತೇ ಇದ್ದ.

"ಏಳು ವರ್ಷ ಅಂದ್ರಲ್ಲಾ.
ಅದಾದ ಮ್ಯಾಲ ಪರ್ಮನೆಂಟ್ ಮಾಡ್ತಿದ್ರೇನ್ರಿ?"

ಕೈಯಲ್ಲಿ ಚಾಕ್‌ಪೀಸು ಮೆತ್ತಗಾಯಿತು.
ಇದು ನನಗೆ ಇಲ್ಲಿ ಒಂಬತ್ತನೇ ಜೂನು.
ಪ್ರತಿ ಮಾರ್ಚಿಗೆ ಬಿಡಿಸುತ್ತಾರೆ,
ಪ್ರತಿ ಜೂನಿಗೆ ಮತ್ತೆ ಅರ್ಜಿ;
ಅತಿಥಿ ಎನ್ನುತ್ತಾರೆ ನನಗೆ,
ಊಟಕ್ಕೆ ಕರೆಯದ ಅತಿಥಿ.

ನೋಡಿ ಹೇಳುತ್ತೇನೆ ಎಂದೆ. ಪುಸ್ತಕದಲ್ಲಿ ಇಲ್ಲ ಎಂದು
ಇಬ್ಬರಿಗೂ ಗೊತ್ತಿತ್ತು.

ಆ ಭಾನುವಾರ ಅಷ್ಟೂರಿಗೆ ಹೋದೆ.
ಬಾಗಿಲಲ್ಲಿ ಕುಳಿತಿದ್ದವ ಎದ್ದು ನಿಂತ.
ಗದ್ದದ ಮೇಲೆ ಬ್ಲೇಡಿನ ಎರಡು ಹಸಿ ಗೆರೆ,
ಇಡೀ ದವಡೆ ಬೆಳ್ಳಗೆ, ಯಾರದೋ ಮುಖದಂತೆ.
"ಯಾವ ಊರವ್ವಾ ನಿಮ್ದು?" ಎಂದು ಕೇಳಿದ,
ಉತ್ತರಕ್ಕೆ ಕಾಯದೆ ಮಾತಾಡತೊಡಗಿದ.
ಬಾವಲಿ, ಬೋರಿನ ನೀರು, ಮಗನ ಓದು,
ಕಲ್ಲಿನ ಮೇಲೆ ಹೆಸರು ಕೊರೆಯುವ ಹುಡುಗರು,
ಎಷ್ಟು ವರ್ಷದ್ದೋ ಮಾತು.
ಸೀಳಿನಿಂದ ಬಿಸಿಲು ಬಂದು
ಅವನ ಚಪ್ಪಲಿಯ ತನಕ ಹರಿದಿತ್ತು.

ಸೋಮವಾರ ಹಾಜರಿ ಕರೆದೆ.
ವೈಜಿನಾಥ?
"ಇದ್ದೀನ್ರಿ."