ಈ ಬದಿ ಮೇಲೆ

ಸಿತ್ರಾದ ಗೋದಾಮಿನಲ್ಲಿ ನನ್ನ ಕೆಲಸ
ಚಿತ್ರ ಹೊರುವುದು. ನೋಡುವುದಲ್ಲ.
ಪೆಟ್ಟಿಗೆಯ ಮೇಲೊಂದು ಬಾಣ, ಒಂದು ಗಾಜಿನ ಲೋಟ,
ಮಳೆ ಬಾರದ ಈ ಊರಲ್ಲೂ ಒಂದು ಕೊಡೆ—
ಅಷ್ಟು ಓದಲು ಬಂದರೆ ಸಾಕು.
ರಿಫಾದ ಬಂಗಲೆಗಳಲ್ಲಿ ಚಪ್ಪಲಿ ಕಳಚಿಟ್ಟು
ಉಸಿರು ಕಟ್ಟಿ ಎತ್ತಿ ಹಿಡಿಯುತ್ತೇನೆ.
ಮೇಡಂ ಎಡಕ್ಕೆ ಅಂದರೆ ಎಡಕ್ಕೆ,
ಕೂದಲೆಳೆಯಷ್ಟು ಬಲಕ್ಕೆ ಅಂದರೆ ಬಲಕ್ಕೆ.
ಹನ್ನೊಂದು ವರ್ಷದಲ್ಲಿ ನಾನು ಕಂಡದ್ದೆಲ್ಲ
ಚಿತ್ರಗಳ ಬೆನ್ನು:
ಮರದ ಪಟ್ಟಿ, ಪಿನ್ನು,
ಯಾರೋ ಪೆನ್ಸಿಲಿನಲ್ಲಿ ಗೀಚಿದ ನಂಬರು.

ಅದೊಂದು ಮಾತ್ರ ಫೋರ್ಕ್‌ಲಿಫ್ಟಿನ ಕೊಂಬಿಗೆ ಸಿಕ್ಕು
ಮೂಲೆಯಲ್ಲಿ ಗೇಣುದ್ದ ಹರಿಯಿತು.
ಇನ್ಶೂರೆನ್ಸಿನವನು ಬಂದ, ಫೋಟೋ ತೆಗೆದ, ಸಹಿ ಹಾಕಿದ.
ಅಲ್ಲಿಗೆ ಅದು, ಕಾಗದದ ಪ್ರಕಾರ, ಕಸ.
ಕಸದ ಡಬ್ಬಿಯಲ್ಲಿ ಹಿಡಿಸಲಿಲ್ಲ.
ಮನೆಗೆ ತಂದೆ.

ಮನೆ ಅಂದರೆ ಗುದೈಬಿಯಾದಲ್ಲಿ ಲಾಂಡ್ರಿಯ ಮೇಲಿನ ಕೋಣೆ,
ಆರು ಜನ, ಒಂದರ ಮೇಲೊಂದು ಮಂಚ,
ಕೆಳಗಿನಿಂದ ಹಗಲಿಡೀ ಇಸ್ತ್ರಿಯ ಆವಿ.
ಗೋಡೆ ಅಂತ ಖಾಲಿ ಇದ್ದದ್ದು
ಎಸಿಗೂ ಬಾಗಿಲಿಗೂ ನಡುವೆ ನಾಲ್ಕಡಿ.
ಅಲ್ಲಿನ ಮೊಳೆಯಲ್ಲಿ ಟೇಕ್‌ಬಹಾದೂರನ ಟವೆಲು.
ಟವೆಲನ್ನು ಒಕ್ಕಲೆಬ್ಬಿಸಲು ಎರಡು ದಿನ ಪಂಚಾಯ್ತಿ.

ಎಂತ ಇದು? ಅಂದ ಕಾಪುವಿನ ಸದಿಯ ಮೆಂಡನ್.
ನೀಲಿ. ನೀಲಿಯೊಳಗೊಂದು ಬೂದಿ ಪಟ್ಟೆ. ಒಂದು ಕಡೆ ಚೂರೇ ಚೂರು ಕೆಂಪು,
ಉಪ್ಪಿನಕಾಯಿ ಚೆಲ್ಲಿ ಒರೆಸಿದ ಹಾಗೆ.
ಕಡಲು, ಅಂದ. ಅವನಿಗೆ ಸಾಂಬಾರಿನ ಪಾತ್ರೆಯೂ ಕಡಲು.
ಸಿರಿಸಿಲ್ಲಾದ ಮಲ್ಲೇಶಂ ತಲೆ ಓರೆ ಮಾಡಿ
ತಿರುಗಿಸು, ಅಂದ. ತಿರುಗಿಸಿದೆ.
ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಯಂತೆ.
ಯಾರದು? ಅಂದರೆ ಮಾತಾಡಲಿಲ್ಲ.
ಟೇಕ್‌ಬಹಾದೂರ್ ಇನ್ನೊಂದು ಮಗ್ಗುಲಿಗೆ ಹೊರಳಿಸಿ
ಅದರೆದುರು ಅರ್ಧ ಗಂಟೆ ಕೂತ, ಒದ್ದೆ ಟವೆಲು ಹೆಗಲ ಮೇಲೆ.
ರಾತ್ರಿ ಪಾಳಿಯ ಬೋನಿಫಾಸ್ ಬೆಳಗ್ಗೆ ಲೈಟು ಹಾಕುವಂತಿಲ್ಲ;
ಮೊಬೈಲಿನ ಬೆಳಕಲ್ಲಿ ದಿನಕ್ಕೆ ಅಂಗೈಯಗಲ ನೋಡಿ ಮಲಗುತ್ತಾನೆ,
ಇನ್ನೂ ಪೂರ್ತಿ ಆಗಿಲ್ಲವಂತೆ.
ಹರಿದ ಮೂಲೆ ಎತ್ತ ಬಂದರೂ ಹರಿದೇ ಇತ್ತು.

ಪೆಟ್ಟಿಗೆ ಇದ್ದಿದ್ದರೆ ಬಾಣ ನೋಡಬಹುದಿತ್ತು.
ಹಾಗಾಗಿ ಒಪ್ಪಂದ: ಸಂಬಳದ ಮರುದಿನದ ಶುಕ್ರವಾರ
ಒಬ್ಬೊಬ್ಬರ ಸರದಿ, ಅವರವರ ತಿಂಗಳು ಅವರವರ ಮೇಲು.
ಚೀಟಿ ದುಡ್ಡಿನ ಪುಸ್ತಕದಲ್ಲೇ ಇದರ ಲೆಕ್ಕ.
ಬದಿ ನಾಲ್ಕು, ಜನ ಆರು.
ಭಟ್ಕಳದ ಫಖ್ರುದ್ದೀನ್ ತನ್ನ ಸರದಿಗೆ
ಅದರ ಮುಖವನ್ನೇ ಗೋಡೆಗೆ ತಿರುಗಿಸಿ ತೂಗುಹಾಕಿದ.
ನಿದ್ದೆಯಲ್ಲೂ ನೋಡ್ತದೆ ಮಾರಾಯ, ಒಂದು ತಿಂಗಳು ಬಿಡಿ.

ಆ ತಿಂಗಳು ಬೇರೆಯವರಿಗೆಲ್ಲ ಬೋಳು ಗೋಡೆ.
ನನಗೆ ಮಾತ್ರ ಗುರುತಿನ ಬೆನ್ನು.
ಎಸಿಯ ಹನಿ ತಾಗಿ ತಾಗಿ
ಪಟ್ಟಿಯ ಮೇಲಿನ ಕಂದು ಟೇಪು ಬಿಚ್ಚಿಕೊಂಡಿತು ಒಂದು ನಡುರಾತ್ರಿ.
ಕೆಳಗೆ ಪೆನ್ಸಿಲಿನ ಬಾಣ, ಕಿರುಬೆರಳಿನಷ್ಟು.
ಬರೆದ ಕೈ ಅವಸರದಲ್ಲಿತ್ತು.
ಅದು ತೋರಿಸಿದ ಕಡೆ
ಸದಿಯನದೂ ಅಲ್ಲ, ಮಲ್ಲೇಶಂನದೂ ಅಲ್ಲ;
ನಾವು ಯಾರೂ ಕೇಳದೆ ಬಿಟ್ಟ ನಾಲ್ಕನೆಯ ಬದಿ.
ಹೆಬ್ಬೆರಳಿಂದ ಟೇಪು ಒತ್ತಿದೆ. ಅಂಟಲಿಲ್ಲ.
ಬೋನಿಫಾಸನ ಗಾಯದ ಪಟ್ಟಿ ಕದ್ದು ಅಂಟಿಸಿದೆ.

ಶುಕ್ರವಾರ ಮಲ್ಲೇಶಂನ ಸರದಿ. ಸೀರೆ ಮುಂದುವರಿಯಲಿ.

ನಿನ್ನೆ ರಿಫಾದಲ್ಲಿ ಹೊಸದೊಂದನ್ನು ಮೊಳೆಗೆ ಸಿಕ್ಕಿಸಿ
ಕೇಳದೆಯೇ ಆರು ಹೆಜ್ಜೆ ಹಿಂದೆ ಬಂದು
ಅದರ ಮುಂದೆ ನಿಂತೆ. ತಲೆ ತನ್ನಷ್ಟಕ್ಕೆ ಓರೆಯಾಯಿತು.
ಏನಾಯ್ತು, ಸೊಟ್ಟ ಇದೆಯಾ? ಅಂದಳು ಮೇಡಂ.
ಇಲ್ಲ ಮೇಡಂ, ನೇರ ಇದೆ.
ಚಪ್ಪಲಿ ಮೆಟ್ಟಿಕೊಳ್ಳುವಾಗ
ಎಡದ್ದು ಬಲಕ್ಕೆ ಹೋಯಿತು.