ಬ್ಯಾಳಿ ಗಿರಣ್ಯಾಗ ಯುದ್ಧ

ಅಮಾಸಿ ದಿನ ಗಿರಣಿ ಬಂದ್.
ಸಾವ್ಕಾರ ಕೀಲಿಕೈ ಕೊಟ್ಟು ಕೇಳಿದ,
"ಏನ್ ಮಾಡ್ತಿ ಗೋದಾಮ್ ತಗೊಂಡು?"
"ಆಕಾಶ ಮಾಡ್ತೀನ್ರಿ" ಅಂದೆ.
"ಮಾಡು. ಒಳಗ ಬೀಡಿ ಮಾತ್ರ ಸೇದಬ್ಯಾಡ್ರಿ."

ನಸುಕಿನ್ಯಾಗ ಎದ್ದು ಮೂರು ಸಲ ಕಸ ಹೊಡದೆ,
ತೊಗರಿ ಹೊಟ್ಟಿನ ಧೂಳು ಮೂಗಿನಿಂದ ಹೋಗಲಿಲ್ಲ.
ಕೆಳಗ ಶಹಾಬಾದ್ ಫರಸಿ, ಎರಡು ಫೂಟಿಗೊಂದು ಸಂದು.
ಗೆರಿ ಎಳಿಯೋ ಕೆಲಸ ಕಲ್ಲೇ ಮಾಡಿಟ್ಟಿತ್ತು.
ಒಂದು ಫರಸಿ ಅಂದ್ರ ಒಂದು ಲಕ್ಷ ಹರದಾರಿ.
ಇದು ನಾನೇ ಹಾಕಿದ ಲೆಕ್ಕ,
ಯಾರೂ ಒರಿಗಿ ಹಚ್ಚಬ್ಯಾಡ್ರಿ.

ನಲವತ್ತೆರಡು ಹಡಗು,
ಧರ್ಮಕಾಟಾದ ಖೋಲ್ಯಾಗ ಕುಂತು
ಒಂದು ಲಾರಿಗೂ ಇನ್ನೊಂದು ಲಾರಿಗೂ ನಡುವ
ಎರಡು ವರ್ಷ ಮಾಡಿದವು.
ಹೊಲಿಗಿ ಮಷೀನಿನ ಬಾಬಿನ್, ಸೈಕಲ್ ಬೆಲ್ಲಿನ ಮುಚ್ಚಳ,
ಸುಟ್ಟ ಸ್ಪಾರ್ಕ್ ಪ್ಲಗ್.
ಅವ್ವನ ಕೆಟ್ಟ ಕುಕ್ಕರಿನ ಸೀಟಿ ಸೇನಾಪತಿ.

ಹದಿನೆಂಟು ಮಂದಿ ಬಂದರು, ಒಬ್ಬರಿಗೂ ಆಟ ಗೊತ್ತಿಲ್ಲ.
ಹಮಾಲಿ ಅಂಬಾರಾಯ. ಖಾಜಾಬಿ ಟೀಚರ್,
ಅವರ ಬೆನ್ನಿಗಿ ಎಂಟನೆತ್ತದ ಎರಡು ಹುಡುಗ್ಯಾರು.
ಖಾನಾವಳಿ ಜಗದೇವಿ ರೊಟ್ಟಿ ಕೊಡಾಕ ಬಂದಾಕಿ ಕುಂತೇ ಬಿಟ್ಟಳು.
ಆಟೋ ಭೀಮಶಾ ಕೇಳಿದ, "ಇದಕ ಲೈಸನ್ಸ್ ಬೇಕೇನೋ?"

ಹದಿನಾಕು ಹಾಳಿ ನೇಮ ಬರದಿದ್ದೆ.
ಎರಡನೇ ಹಾಳಿಗೇ ಅಂಬಾರಾಯನ ಆಕಳಿಕಿ
ಗೋದಾಮಿನ ಬಾಗಲದಷ್ಟು ಆತು.
ಹನ್ನೊಂದು ಹಾಳಿ ಕುಂಡಿ ಕೆಳಗ ಇಟಗೊಂಡು ಅಂದೆ,
"ಸರೀರಿ. ಗುರಿ ಹಿಡೀರಿ. ಕವಡಿ ಒಗೀರಿ.
ಸತ್ತವರು ಹೋಗಿ ಸುಸಲಾ ತಿನ್ರಿ."

ಒಂದು ನೇಮ ಮಾತ್ರ ಬಿಡಾಕ ಆಗಲಿಲ್ಲ.
ಒಮ್ಮೆ ಎಷ್ಟು ಫರಸಿ ಸರದಿರೋ
ಮುಂದಿನ ಸರ್ತಿನೂ ಅಷ್ಟೇ ಸರೀಬೇಕು,
ನಿಮಗ ಮನಸಿರಲಿ, ಇಲ್ಲದಿರಲಿ.
"ಅಲ್ಲಿ ಗಾಳಿ ಇಲ್ರಿ. ಬ್ರೇಕ್ ಇಲ್ಲ. ನೆಲ ಇಲ್ಲ."
ಟೀಚರ್ ಏನೋ ಬರಕೊಂಡರು.
ಜಗದೇವಿ ಅಂದಳು, "ಸಿಟ್ಟು ಇದ್ದಂಗ."
ನನ್ನ ಹಾಳ್ಯಾಗ ಅದು ಅರ್ಧ ಪುಟ ತಿಂದಿತ್ತು.

ಕ್ವಿಂಟಲ್ ಚೀಲ ಬೆನ್ನಿಗಿ ಒಗಿಯೋ ಅಂಬಾರಾಯ
ಬಾಬಿನ್ ಹಡಗು ಎರಡು ಬೆರಳಿಲೆ ಎತ್ತಿ
ಗುಬ್ಬಿ ತತ್ತಿ ಇಟ್ಟಂಗ ಇಡತಿದ್ದ.
ಹುಡುಗ್ಯಾರಿಗಿ ದಯಾ ಅನ್ನೋದೇ ಇಲ್ಲ,
ತಮ್ಮ ಟೀಚರ್‌ನ ಹಡಗೇ ಮೊದಲು ಸುಟ್ಟರು.
ಹನ್ನೆರಡಕ್ಕ ಕರೆಂಟ್ ಹ್ವಾತು, ಫ್ಯಾನ್ ನಿಂತು
ತಗಡು ಮ್ಯಾಲ ಟಣ್ ಟಣ್ ಕಾಯಾಕ ಹತ್ತಿತು.
ಯಾರೂ ಏಳಲಿಲ್ಲ.
ನನ್ನ ಕಡಿ ಯಾರೂ ನೋಡಲಿಲ್ಲ.
ಅಷ್ಟು ಖುಷಿ ನನಗ ಎಂದೂ ಆಗಿರಲಿಲ್ಲ.

ಭೀಮಶಾ ಮೊದಲ ಸರ್ತಿಗೇ ಐದು ಫರಸಿ ಹೊಡದಿದ್ದ.
ಮೂರನೇ ಸರ್ತಿಗಿ ಅವನ ಸ್ಪಾರ್ಕ್ ಪ್ಲಗ್ ಬಾಗಲ ದಾಟಿತು.
"ನಿಂದು ಮುಗೀತು, ಸುಸಲಾ ತಿನ್ನು" ಅಂದರು.
ಅವ ಕುಕ್ಕರಗಾಲಿಲೆ ಕುಂತಾವ ಏಳಲಿಲ್ಲ.
"ಗಾಳಿ ಇಲ್ಲ, ಬ್ರೇಕ್ ಇಲ್ಲ ಅಂದಿಯಲ್ಲೋ.
ಮತ್ತ ಹೊಸ್ತಿಲಾ ಎಲ್ಲಿಂದ ಬಂತು?"

ಅಂಚು ದಾಟಿದ ಹಡಗು ಹಾಳಾತು ಅಂತ
ಒಂಬತ್ತನೇ ಹಾಳ್ಯಾಗ ಇತ್ತು.
ಒಂಬತ್ತನೇ ಹಾಳಿ ನನ್ನ ಕೆಳಗಿತ್ತು.

ಬ್ಯಾಳಿ ಒಣಗಿಸೋ ಅಂಗಳಕ್ಕೂ ಅವೇ ಫರಸಿ.
ಒಳಗಿಂದ ಯಾರರ ಒದರತಿದ್ದರು, "ಸರ್ತಿ ಬದಲಾತು, ಭೀಮಶಾ!"
ಅಂಬಾರಾಯನ ಚಪ್ಪಲಿ ಮೆಟಗೊಂಡು, ತಲಿ ಮ್ಯಾಲ ಟಾವೆಲ್,
ಅವ ಐದು ಫರಸಿ ಎಣಿಸಿ, ಇಟ್ಟು,
ಬೇವಿನ ನೆರಳಿಗಿ ಓಡತಿದ್ದ.

ಗೆದ್ದವರು ಯಾರು ಅಂತ ಕೇಳಬ್ಯಾಡ್ರಿ,
ಎರಡೂ ಕಡಿಯವರ ಎಣಿಕಿ ಬ್ಯಾರೆ ಬ್ಯಾರೆ.
ಸೀಟಿ ಬಿದ್ದಾಗ ಜಗದೇವಿ ಬಾಯಿಲೆ ಊದಿ ಕೂಗಿಸಿದಳು,
ಅಷ್ಟು ನೆನಪದ.

ಸಂಜಿಗಿ ಡಬ್ಬಿಗಿ ಹಾಕಿ ಎಣಿಸಿದೆ. ನಲವತ್ತೊಂದು.
ಭೀಮಶಾ ಸೋಲಾಪುರ ಗಾಡಿಯ ಮಂದಿಗಂತ ಸ್ಟೇಷನ್ನಿಗಿ ಹೋಗಿದ್ದ.
ಫರಸಿ ಮುಗಿದಲ್ಲಿ ಧರ್ಮಕಾಟಾದ ಕಬ್ಬಿಣದ ಹಲಗಿ,
ಅದರ ನಡುವ ಸ್ಪಾರ್ಕ್ ಪ್ಲಗ್.
ಬಾಜೂಕ ಸುಣ್ಣದ ಕಡ್ಡಿಲೆ ಬಾಣದ ಗುರ್ತು, ಒಂದು ಐದು.
ಖೋಲ್ಯಾಗ ಹೋಗಿ ನೋಡಿದೆ.
ಮಷೀನ್ ಸೊನ್ನಿ ತೋರಸತಿತ್ತು.

ಮುಂಜಾನಿ ಸೇಡಂ ಲಾರಿ ಬಂದು ಹಾರ್ನ್ ಹೊಡೀತು.
"ಒಂದ್ ನಿಮಿಷ ತಡೀರಿ" ಅಂದು ಓಡಿ
ಐದು ಫರಸಿ ಅಳತಿ ಹೆಜ್ಜಿಲೆ ಅಳದು
ಗೇಟಿನಾಚಿ, ಮಣ್ಣಾಗ,
ಇಟ್ಟು ಬಂದೆ.